ಮೂರನೆಯ ಅಂಕದಲ್ಲಿ ಕಳೆದುಹೋದ ಹಾಡು

ಸ್ಯಾನ್ ಡಿಯಾಗೋದ ಕನ್ನಡಿಗರಲ್ಲಿ ಉದಯಶಂಕರನನ್ನು ‘ಬೆಲ್ಲದ ಉದಯಶಂಕರ’ ಎಂದು ಹಿಂದಿನಿಂದ ಕರೆಯುವವರಿದ್ದರು. ಅವನ ಮಾತು ಬೆಲ್ಲದಂತೆ ಸಿಹಿಯಾಗಿತ್ತು ಎಂದೇನಲ್ಲ. ಮುನ್ನೂರು ವರ್ಷಗಳ ಹಿಂದೆ ನೇಪಲ್ಸಿನಲ್ಲಿ ಬಾಳಿ ಸತ್ತ ಲೊರೆಂಜೊ ಬೆಲ್ಲಂತಿ ಎಂಬ ಒಪೆರಾ ಸಂಯೋಜಕನ ಹೆಸರು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ನಾಮಕರಣಕ್ಕೆ ಕರೆದರೂ ಬೆಲ್ಲಂತಿಯ ಸುದ್ದಿ, ಗೃಹಪ್ರವೇಶಕ್ಕೆ ಕರೆದರೂ ಬೆಲ್ಲಂತಿಯ ಸುದ್ದಿ. ಹಗಲು ಟೆಲಿಕಾಂ ಕಂಪನಿಯಲ್ಲಿ ಮೋಡೆಮ್ ಚಿಪ್ಪುಗಳ ಕೆಲಸ, ಸಂಜೆಯಾದರೆ ಸ್ಕ್ರಿಪ್ಸ್ ರ್ಯಾಂಚ್ ಬಡಾವಣೆಯ ಮನೆಯ ಗರಾಜಿನಲ್ಲಿ ಕೀಬೋರ್ಡಿನ ಮುಂದೆ ತಪಸ್ಸು. ಗರಾಜು ಹೀಗೆ ಸಂಗೀತಕ್ಕೆ ಹೋದದ್ದರಿಂದ ಎರಡು ಕಾರುಗಳೂ ವರ್ಷವಿಡೀ ಬಿಸಿಲಿನಲ್ಲಿ ನಿಂತು ಬಣ್ಣ ಕಳೆದುಕೊಂಡಿದ್ದವು.

ಎರಡು ಸಾವಿರದ ಇಪ್ಪತ್ತರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡು ಕೂತಾಗ ಅವನಿಗೆ ಸುಗ್ಗಿ ಬಂತು. ಕನ್ನಡ ಸಂಘದವರಿಗೆ ಜೂಮ್‌ನಲ್ಲಿ ಶನಿವಾರ ಶನಿವಾರ ಬೆಲ್ಲಂತಿಯ ಜೀವನಚರಿತ್ರೆ ಹೇಳತೊಡಗಿದ. ಎಲ್ಲಿಗೂ ಹೋಗುವ ಹಾಗಿಲ್ಲದ ಜನ, ಪಾಪ, ಕೇಳಿದರು. ಬೇಕರಿಯವನ ಮಗ ಬೆಲ್ಲಂತಿ ಅಪ್ಪ ಅಮ್ಮ ಸತ್ತ ಮೇಲೆ ಅನಾಥ ಮಕ್ಕಳ ಸಂಗೀತ ಶಾಲೆಗೆ ಸೇರಿದ್ದು, ಅಲ್ಲಿ ಒಂದೇ ಹಜಾರದಲ್ಲಿ ಒಬ್ಬ ಪಿಟೀಲು, ಒಬ್ಬ ತುತ್ತೂರಿ, ಇನ್ನೊಬ್ಬ ಗಂಟಲು ಸಾಧನೆ ಮಾಡುತ್ತಿದ್ದ ಗದ್ದಲದಲ್ಲೇ ಕೂತು ಸ್ವರ ಬರೆಯಲು ಕಲಿತದ್ದು, ಹಬ್ಬದ ಕಾಲ ಬಂದರೆ ಹೊಟ್ಟೆಪಾಡಿಗಾಗಿ ಒಂದರ ಹಿಂದೆ ಒಂದು ಒಪೆರಾ ಬರೆದು ಎಸೆದದ್ದು, ಎಲ್ಲವನ್ನೂ ಉದಯಶಂಕರ ಪಕ್ಕದ ಮನೆಯವನ ಕಥೆಯ ಹಾಗೆ ಹೇಳಿದ.

ಅದರಲ್ಲೂ ಅವನಿಗೆ ಪ್ರೀತಿಯ ಪ್ರಸಂಗ ಒಂದಿತ್ತು. ಆ ಕಾಲದ ಹಾಡುಗಾರ್ತಿಯರು ಊರಿಂದೂರಿಗೆ ಹೋಗುವಾಗ ಬಟ್ಟೆಬರೆಯ ಪೆಟ್ಟಿಗೆಯಲ್ಲಿ ತಮ್ಮ ಗಂಟಲಿಗೆ ಒಪ್ಪುವ ಹಾಡುಗಳನ್ನೂ ಇಟ್ಟುಕೊಂಡು ಹೋಗುತ್ತಿದ್ದರಂತೆ. ಯಾರು ಬರೆದ ಒಪೆರಾ ಆಗಲಿ, ತಮಗೆ ಕೊಟ್ಟ ಹಾಡು ಹಿಡಿಸದಿದ್ದರೆ ಅದನ್ನು ಕಿತ್ತು ಹಾಕಿ ಪೆಟ್ಟಿಗೆಯ ಹಾಡನ್ನು ಅಲ್ಲಿ ಸೇರಿಸಿ ಹಾಡಿಬಿಡುತ್ತಿದ್ದರು. ಬರೆದವನು ಹಾರ್ಪ್ಸಿಕಾರ್ಡ್ ಎಂಬ, ಪಿಯಾನೊ ಥರದ ಹಳೆಯ ವಾದ್ಯದ ಮುಂದೆ ಕೂತು, ಬೇರೊಬ್ಬನ ಹಾಡಿಗೆ ತಾನೇ ನುಡಿಸಬೇಕು. ‘ಬೆಲ್ಲಂತಿಗೂ ಹೀಗಾಯ್ತು ನೋಡಿ. ಅವನ ಎದುರಾಳಿಯ ಹಾಡನ್ನೇ ಹಾಡುಗಾರ್ತಿ ಒಬ್ಳು ಹಾಡಿದ್ಳು. ಅವನು ನಗ್ತಾ ನುಡಿಸ್ದ, ಕೊನೇಲಿ ಎದ್ದು ಅವಳಿಗೆ ತಲೆ ಬಾಗಿದ. ದೊಡ್ಡ ಮನುಷ್ಯ ಅಂದ್ರೆ ಅದು’ ಎಂದು ಹೇಳುವಾಗ ಉದಯಶಂಕರನ ಕಣ್ಣು ಒದ್ದೆಯಾಗುತ್ತಿತ್ತು. ಇನ್ನೊಬ್ಬರ ದೊಡ್ಡತನಕ್ಕೆ ಕಣ್ಣೀರು ಹಾಕುವುದು ಸುಲಭ. ಖರ್ಚಿಲ್ಲ.

ಬೆಲ್ಲಂತಿಯ ಒಂದು ಒಪೆರಾದಲ್ಲಿ ಮೂರನೆಯ ಅಂಕದ ಒಂದು ಹಾಡು ಕಳೆದುಹೋಗಿತ್ತು. ಸೆರೆಮನೆಯಲ್ಲಿ ಕೂತ ರಾಣಿ ಹಾಡುವ ಹಾಡು. ಸಾಹಿತ್ಯ ಉಳಿದಿತ್ತು, ಸ್ವರ ಇರಲಿಲ್ಲ. ಆ ಸ್ವರವನ್ನು ತಾನೇ ಕಟ್ಟಬೇಕು, ಇಡೀ ಒಪೆರಾವನ್ನು ಕನ್ನಡಕ್ಕೆ ತಂದು ಆಡಿಸಬೇಕು, ರಾಣಿಯ ಹಾಡನ್ನು ತನ್ನ ಹೆಂಡತಿ ರಾಜಲಕ್ಷ್ಮಿಯೇ ಹಾಡಬೇಕು ಎಂಬುದು ಉದಯಶಂಕರನ ಆಸೆ. ಮೂರು ವರ್ಷ ಆ ಒಂದು ಹಾಡಿನ ಮೇಲೆ ಕೂತ. ರಾಜಲಕ್ಷ್ಮಿ ಮೈಸೂರಿನಲ್ಲಿ ಕಲಿತ ಹಾಡುಗಾರ್ತಿ. ಮದುವೆಯ ಆರತಕ್ಷತೆಯಲ್ಲಿ ಅವಳು ಹಾಡಿದಾಗ ಅಡುಗೆಯವರೂ ಕೈ ಒರೆಸಿಕೊಂಡು ಬಂದು ನಿಂತಿದ್ದರು. ಆ ಕಂಠವನ್ನು ಕಿವಿಯಲ್ಲಿ ಇಟ್ಟುಕೊಂಡೇ ಅವನು ಬರೆದ. ಮೇಲೆ, ಇನ್ನೂ ಮೇಲೆ, ದೇವಸ್ಥಾನದ ಗೋಪುರದಲ್ಲಿ ಹಕ್ಕಿ ಕೂರುವಷ್ಟು ಮೇಲೆ.

ರಾಜಲಕ್ಷ್ಮಿಗೆ ಇಪ್ಪತ್ತೊಂದರ ಜನವರಿಯಲ್ಲಿ ಕೋವಿಡ್ ಬಂದು ಹೋಗಿತ್ತು. ಕೆಮ್ಮು ಹೋದರೂ ಕಂಠ ಮೊದಲಿನಂತೆ ಆಗಲಿಲ್ಲ.

‘ರೀ, ಇಲ್ಲಿ ನಂಗೆ ಬರ್ತಿಲ್ಲ’ ಎಂದು ಅವಳು ಗರಾಜಿನಲ್ಲಿ ಹಾಳೆ ಕೆಳಗಿಟ್ಟು ಹೇಳಿದಳು.

‘ಬರತ್ತೆ ಕಣೆ. ದಿನಾ ಪ್ರಾಕ್ಟೀಸ್ ಮಾಡು. ನಮ್ಮ ರಿಸೆಪ್ಷನ್‌ನಲ್ಲಿ ಇದಕ್ಕಿಂತ ಮೇಲೆ ಹೋಗಿದ್ಯಲ್ಲ.’

‘ಅದು ಆಗ.’

‘ಗಂಟಲು ಎಲ್ಲಿಗೂ ಹೋಗಿರಲ್ಲ, ಎಬ್ಬಿಸ್ಬೇಕು ಅಷ್ಟೇ’ ಎಂದ ಉದಯಶಂಕರ, ಮತ್ತೆ ಮೊದಲ ಸ್ವರ ಒತ್ತಿ ಕೊಟ್ಟ. ಅವಳು ಮತ್ತೆ ಹಾಡಿದಳು. ಮತ್ತೆ ಅಲ್ಲೇ ದನಿ ಬಿರಿಯಿತು. ಅವನು ಪ್ರೀತಿಯಿಂದಲೇ ‘ಇನ್ನೊಂದ್ಸಲ’ ಎಂದ. ಪ್ರೀತಿಯಿಂದಲೇ ಎಂಬುದನ್ನು ಅನುಮಾನಿಸಬಾರದು.

ಇಪ್ಪತ್ಮೂರರಲ್ಲಿ ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ ಕನ್ನಡಿಗರು ಸೇರಿ ಈ ಒಪೆರಾ ಆಡಿಸುವುದೆಂದು ಕೊನೆಗೂ ತೀರ್ಮಾನವಾಯಿತು. ಮೊದಲು ಲಾಸ್ ಏಂಜಲೀಸ್ ಪಕ್ಕದ ಪಸಡೀನಾದಲ್ಲಿ, ಮುಂದಿನ ವಾರ ಸ್ಯಾನ್ ಡಿಯಾಗೋ ಪಕ್ಕದ ಡೆಲ್ ಮಾರ್‌ನಲ್ಲಿ. ಎರಡು ಪಿಟೀಲು, ಒಂದು ಚೆಲ್ಲೊ ಸಿಕ್ಕವು. ಹಾರ್ಪ್ಸಿಕಾರ್ಡಿನ ದನಿ ಕೊಡುವ ಕೀಬೋರ್ಡಿಗೆ ಉದಯಶಂಕರನೇ ಕೂತ. ಅವನಿಗೆ ಹಾಳೆ ತಿರುವಿಕೊಡಲು ಡೆಲ್ ಮಾರ್‌ನ ಪಿಯಾನೊ ಟೀಚರ್ ಅರುಂಧತಿ ಒಪ್ಪಿದರು. ಲಾಸ್ ಏಂಜಲೀಸ್ ಕಡೆಯಿಂದ ಸೆರೆಮನೆಯ ಕಾವಲುಗಾರನ ಪಾತ್ರಕ್ಕೆ ಬಂದವನು ಸಿದ್ಧಲಿಂಗೇಶ.

ಗದಗಿನ ಕಡೆಯವನು, ನೀರು ಸರಬರಾಜಿನ ಎಂಜಿನಿಯರ್, ಸೆರಿಟೋಸ್‌ನಲ್ಲಿ ಮನೆ. ಚಿಕ್ಕಂದಿನಲ್ಲಿ ಮಠದ ಭಜನೆಗೆ ಹಾರ್ಮೋನಿಯಂ ಬಾರಿಸುತ್ತಿದ್ದನಂತೆ. ಬೆಲ್ಲಂತಿಯ ಕಾಲದ ಸಂಗೀತವನ್ನು ಬರೋಕ್ ಎನ್ನುತ್ತಾರೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ. ಉದಯಶಂಕರನಿಗೆ ಅವನು ಮೊದಲು ಇಷ್ಟವಾದದ್ದೇ ಅದಕ್ಕೆ. ತನಗಿಂತ ಕಡಿಮೆ ತಿಳಿದವರ ಮೇಲೆ ನಮಗೆಲ್ಲ ಒಂದು ಮಮತೆ ಇರುತ್ತದೆ.

ಒಂದು ಭಾನುವಾರ ಸೆರಿಟೋಸ್‌ನ ಅವನ ಮನೆಯಲ್ಲೇ ರಿಹರ್ಸಲ್. ಸಿದ್ಧಲಿಂಗೇಶನ ಹೆಂಡತಿ ಐಶ್ವರ್ಯಾ ಗಿರ್ಮಿಟ್ ಮಾಡಿದ್ದಳು. ತಿಂದಾದ ಮೇಲೆ ಎಲ್ಲರಿಗೂ ಹಾಳೆಗಳ ಇನ್ನೊಂದು ಪ್ರತಿ ಬೇಕೆಂದು ಉದಯಶಂಕರ ಹತ್ತಿರದ ಕಾಪಿ ಅಂಗಡಿಗೆ ಹೋದ. ವಾಪಸು ಬಂದು ಬಾಗಿಲ ಬಳಿ ಬೂಟು ಬಿಚ್ಚುವಾಗ ಒಳಗಿನಿಂದ ಹಾರ್ಮೋನಿಯಂ ಕೇಳಿಸಿತು.

‘ಅಕ್ಕಾರ, ಈಗ ನಿಮ್ಮ ಸಾ ಎಲ್ಲಿ ಕುಂತದ ಹೇಳ್ರಿ’ ಎನ್ನುತ್ತಿದ್ದ ಸಿದ್ಧಲಿಂಗೇಶ. ‘ಹಿಂದಿಂದು ಬ್ಯಾಡ. ಇವತ್ತಿಂದು.’

ಹಾರ್ಮೋನಿಯಂ ನುಡಿಸುವವರು ಯಾರೇ ಆಗಲಿ, ಹಾಡುವವರನ್ನು ಮೊದಲು ಕೇಳುವ ಪ್ರಶ್ನೆ ಅದು. ಗಾಯಕರ ಶ್ರುತಿ ಗೊತ್ತಾಗದೆ ಅವರು ಬೆರಳೇ ಇಡುವುದಿಲ್ಲ. ರಾಜಲಕ್ಷ್ಮಿ ಒಂದು ಸ್ವರ ಹಿಡಿದಳು. ಉದಯಶಂಕರ ಅಂದುಕೊಂಡದ್ದಕ್ಕಿಂತ ಬಹಳ ಕೆಳಗಿನ ಸ್ವರ. ಹಾರ್ಮೋನಿಯಂ ಅಲ್ಲಿಗೇ ಇಳಿದು ಅವಳ ಜೊತೆ ಸೇರಿಕೊಂಡಿತು. ಸೆರೆಮನೆಯ ಹಾಡಿನ ಅದೇ ಕನ್ನಡ ಸಾಹಿತ್ಯ, ಬೇರೆ ಸ್ವರ. ಸಿದ್ಧಲಿಂಗೇಶ ಒಂದು ಸಾಲು ಬಾರಿಸುವನು, ಅವಳು ಹಾಡುವಳು, ಎಡವಿದ ಕಡೆ ಅವನು ಸಾಲನ್ನೇ ಬಗ್ಗಿಸುವನು. ನಡುವೆ ಅವಳು ನಕ್ಕದ್ದು ಕೇಳಿಸಿತು.

ಉದಯಶಂಕರನಿಗೆ ತಡೆದುಕೊಳ್ಳಲಾಗದ್ದು ಆ ನಗು. ಅವನ ಗರಾಜಿನಲ್ಲಿ ಅವಳು ನಕ್ಕು ಎಷ್ಟು ಕಾಲವಾಗಿತ್ತೋ.

ಇದು ಬೇರೆ ಥರದ ವಿಷಯವಾಗಿದ್ದರೆ ಒಳ್ಳೆಯದಿತ್ತು. ಹೆಂಡತಿಯ ಮೇಲೆ ಪರಪುರುಷನ ಕಣ್ಣು ಬಿತ್ತು ಎಂದಿದ್ದರೆ ಜಗಳವಾಡಬಹುದು, ನಾಲ್ಕು ಜನರ ಮುಂದೆ ಹೇಳಿಕೊಂಡರೆ ಅವರೂ ನಮ್ಮ ಕಡೆ ನಿಲ್ಲುತ್ತಾರೆ. ಒಳಗೆ ಐಶ್ವರ್ಯಾ ತಟ್ಟೆ ಎತ್ತುತ್ತ ಅಲ್ಲೇ ಓಡಾಡುತ್ತಿದ್ದಳು. ಆ ಮನೆಯಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ. ನೀರಿನ ಎಂಜಿನಿಯರ್ ಒಬ್ಬ ಒಂದು ಮಧ್ಯಾಹ್ನದಲ್ಲಿ ತನ್ನ ಮೂರು ವರ್ಷದ ಕೆಲಸವನ್ನು ಪಕ್ಕಕ್ಕೆ ಸರಿಸಿದ ಎಂಬ ಸಂಕಟವನ್ನು ಯಾರಿಗೆ ಹೇಳುವುದು? ಒಂದು ರಾಗಕ್ಕೆ ಹೊಟ್ಟೆಕಿಚ್ಚು ಪಟ್ಟೆ ಎಂದರೆ ಜನ ನಗುತ್ತಾರೆ. ಅವನು ಬೂಟನ್ನು ಮತ್ತೆ ಹಾಕಿಕೊಂಡು, ಜೋರಾಗಿ ಸದ್ದು ಮಾಡಿ, ಮತ್ತೆ ಬಿಚ್ಚಿ ಒಳಗೆ ಬಂದ. ಹಾರ್ಮೋನಿಯಂ ನಿಂತಿತ್ತು.

ಆಮೇಲಿನ ದಿನಗಳಲ್ಲಿ ಅವನಿಗೆ ಸಿದ್ಧಲಿಂಗೇಶನ ಎಲ್ಲವೂ ಚುಚ್ಚತೊಡಗಿತು. ಕಾವಲುಗಾರನ ಈಟಿ ಹಿಡಿದು ನಿಲ್ಲುವ ಅವನ ಭಂಗಿ, ‘ಹೌದಲ್ಲರಿ’ ಎನ್ನುವ ಅವನ ಒಪ್ಪಿಗೆ, ತಪ್ಪು ಮಾಡಿದರೆ ತಾನೇ ಮೊದಲು ನಗುವ ಅಭ್ಯಾಸ. ಜೂಮ್ ರಿಹರ್ಸಲ್‌ನಲ್ಲಿ ಎಲ್ಲರಿಗೂ ಒಂದು ಸಲ ಹೇಳುವುದನ್ನು ಅವನಿಗೆ ಎರಡು ಸಲ ಹೇಳಿದ. ಸಿದ್ಧಲಿಂಗೇಶ ಎರಡು ಸಲವೂ ‘ಆಗ್ಲಿ ಸರ್’ ಎಂದ. ಅದೂ ಚುಚ್ಚಿತು.

ಪ್ರದರ್ಶನಕ್ಕೆ ಸ್ವಲ್ಪವೇ ದಿನ ಉಳಿದಾಗ, ಎಲ್ಲರೂ ಸೇರಿದ್ದ ರಿಹರ್ಸಲ್‌ನಲ್ಲಿ ರಾಜಲಕ್ಷ್ಮಿ ಎದ್ದು ನಿಂತಳು.

‘ಮೂರನೇ ಅಂಕದಲ್ಲಿ ನಾನು ಬೇರೆ ಹಾಡು ಹಾಡ್ಲಾ? ಸಿದ್ಧಲಿಂಗೇಶ್ ಅವರು ಕಟ್ಟಿದ್ದು.’

ಉದಯಶಂಕರ ಹಾಳೆಯಿಂದ ತಲೆ ಎತ್ತಲಿಲ್ಲ. ‘ಅದು ಬರೋಕ್ ಆಗಿರಲ್ಲ ರಾಜಿ.’

‘ಇದೂ ಹಾಗೇ ಇದೆ. ಮೊದಲ ಭಾಗ, ನಡುಭಾಗ, ಮತ್ತೆ ಮೊದಲ ಭಾಗ. ಎರಡನೇ ಸಲ ಬಂದಾಗ ನಾನು ಅಲಂಕಾರ ಮಾಡಿ ಹಾಡ್ಬೇಕು. ನೀವೇ ಹೇಳ್ಕೊಟ್ಟಿದ್ದಲ್ವಾ.’ ಅವಳು ಸುತ್ತ ನೋಡಿ ನಕ್ಕಳು. ‘ಹಾಡೋರು ಪೆಟ್ಟಿಗೆಯಿಂದ ತಮ್ಮ ಹಾಡು ತೆಗೀತಿದ್ರು ಅಂತಾನೂ ನೀವೇ ಹೇಳಿದ್ದು. ಇದು ನನ್ನ ಪೆಟ್ಟಿಗೆ ಹಾಡು ಅಂದ್ಕೊಳ್ಳಿ.’

ಕೋಣೆಯಲ್ಲಿದ್ದ ಅಷ್ಟೂ ಜನ ಅವನ ಉಪನ್ಯಾಸ ಕೇಳಿದವರು. ಚಪ್ಪಾಳೆ ಬಿತ್ತು. ‘ಬೆಲ್ಲಂತೀನೇ ಒಪ್ಪಿದ್ದ ಸರ್, ನೀವು ಒಪ್ಪಲ್ವಾ?’ ಎಂದು ಚೆಲ್ಲೊ ನುಡಿಸುವ ರಾಜೀವ್ ತಮಾಷೆ ಮಾಡಿದ. ಉದಯಶಂಕರ ಬೆಲ್ಲಂತಿಯ ಹಾಗೆ ನಗಬೇಕಾಯಿತು. ನಕ್ಕ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಇಂಥವರಿಗಾಗಿಯೇ ಇರುವುದು.

ತಾನು ಬರೆದ ಹಾಡನ್ನು ಅವನು ಆ ಸಂಜೆ ಕಂಪ್ಯೂಟರಿನಿಂದ ಅಳಿಸಲಿಲ್ಲ, ಹರಿದು ಹಾಕಲೂ ಇಲ್ಲ. ಅದನ್ನು ಯಾರೂ ಕೇಳಲಿಲ್ಲವಲ್ಲ ಎಂಬುದೇ ಸಾಕಷ್ಟು ಉರಿಯುತ್ತಿತ್ತು.

ಪಸಡೀನಾದ ಚರ್ಚ್ ಹಾಲ್ ಶನಿವಾರ ಮಧ್ಯಾಹ್ನ ತುಂಬಿತ್ತು. ಹೊರಗೆ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತ್ ಕಾಯುತ್ತಿದ್ದುದರಿಂದ ಜನ ಒಳ್ಳೆಯ ಮನಸ್ಸಿನಲ್ಲಿದ್ದರು. ಮೊದಲ ಎರಡು ಅಂಕ ನಿರಾತಂಕವಾಗಿ ಹೋದವು. ಮೂರನೆಯದು ಬಂತು. ವೇದಿಕೆಯ ಮೇಲೆ ರಟ್ಟಿನ ಸರಳುಗಳು, ಅದರ ಹಿಂದೆ ಕಂದು ರೇಷ್ಮೆ ಸೀರೆಯಲ್ಲಿ ರಾಣಿ, ಪಕ್ಕದಲ್ಲಿ ಈಟಿ ಹಿಡಿದ ಸಿದ್ಧಲಿಂಗೇಶ. ತಾನು ಕಟ್ಟಿದ ಹಾಡಿನ ಪಕ್ಕದಲ್ಲಿ ತಾನೇ ಕಾವಲು ನಿಂತ ಹಾಗೆ ಅವನು ಕಂಡ. ಆ ಹಾಡಿಗೆ ಪಿಟೀಲು, ಚೆಲ್ಲೊ ಇರಲಿಲ್ಲ. ಹಾರ್ಪ್ಸಿಕಾರ್ಡ್ ಒಂದೇ.

ಬರೋಕ್ ಕಾಲದ ಶ್ರುತಿ ಇವತ್ತಿನದಕ್ಕಿಂತ ಅರ್ಧ ಸ್ವರ ಕೆಳಗೆ. ಆ ಕೀಬೋರ್ಡಿನಲ್ಲಿ ಹಳೆಯ ಶ್ರುತಿಗೂ ಇಂದಿನ ಶ್ರುತಿಗೂ ಬದಲಿಸಲು ಒಂದು ಗುಂಡಿ ಇತ್ತು. ಇಡೀ ಒಪೆರಾ ಹಳೆಯ ಶ್ರುತಿಯಲ್ಲಿ ನಡೆದಿತ್ತು. ಸಿದ್ಧಲಿಂಗೇಶ ಹಾಡಿನ ಅತಿ ಎತ್ತರದ ಸ್ವರವನ್ನು ರಾಜಲಕ್ಷ್ಮಿಯ ದನಿ ಸರಿಯಾಗಿ ಮುಟ್ಟುವ ಕಡೆ ಇಟ್ಟಿದ್ದ. ಅದರ ಮೇಲೆ ಒಂದು ಕೂದಲೆಳೆಯೂ ಇಲ್ಲ. ಇದು ರಿಹರ್ಸಲ್‌ನಲ್ಲಿ ಉದಯಶಂಕರನಿಗೆ ಗೊತ್ತಾಗಿತ್ತು. ತಾನು ನುಡಿಸಿಯೇ ಗೊತ್ತಾಗಿತ್ತು.

ಅರ್ಧ ಸ್ವರ ತಾನೆ, ಎಂದುಕೊಂಡ. ದನಿಗೆ ಇನ್ನಷ್ಟು ಹೊಳಪು ಬರುತ್ತದೆ, ಎಂದೂ ಅಂದುಕೊಂಡ. ಹೊಟ್ಟೆಕಿಚ್ಚು ಒಬ್ಬ ಒಳ್ಳೆಯ ವಕೀಲ, ಕಾರಣಗಳನ್ನು ತಾನೇ ಹುಡುಕಿ ತಂದುಕೊಡುತ್ತದೆ. ಆದರೆ ಆಳದಲ್ಲಿ ಅವನಿಗೆ ಬೇಕಿದ್ದದ್ದು ಒಂದೇ. ಆ ಹಾಡು ಬೀಳಬೇಕು. ಅದು ಬಿದ್ದರೆ ತನ್ನದು ಎದ್ದು ನಿಲ್ಲುತ್ತದೆ. ಹಾಡು ಬೀಳುವಾಗ ಹಾಡುವವಳೂ ಬೀಳುತ್ತಾಳೆ ಎಂಬುದರ ಕಡೆ ಅವನು ಮುಖ ತಿರುಗಿಸಿದ. ಅರುಂಧತಿ ಹಾಳೆ ಹುಡುಕುತ್ತಿದ್ದಾಗ ಗುಂಡಿ ಒತ್ತಿ ಶ್ರುತಿ ಏರಿಸಿದ.

ಮೊದಲ ಸ್ವರಗಳು ಮೂಡಿದವು. ರಾಜಲಕ್ಷ್ಮಿ ತಲೆ ಎತ್ತಿ ಅವನನ್ನು ನೋಡಿದಳು. ಬಹಳ ಹೊತ್ತಲ್ಲ. ಆಮೇಲೆ ಹಾಡತೊಡಗಿದಳು. ಎತ್ತರದ ಜಾಗ ಬಂದಾಗ ದನಿ ತೆಳುವಾಗಿ, ಬಿರಿದು, ಅರೆಗಳಿಗೆ ಇಲ್ಲವೇ ಇಲ್ಲವಾಯಿತು. ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಉದಯಶಂಕರನಿಗೆ ಖುಷಿಯಾಯಿತು, ಖುಷಿಯಾದ ಕೂಡಲೇ ಭಯವೂ ಆಯಿತು. ನಡುಭಾಗ ಮುಗಿಯಿತು. ಮೊದಲ ಭಾಗ ಮತ್ತೆ ಬಂತು, ಅವಳು ಅಲಂಕರಿಸಿ ಹಾಡಬೇಕಾದ ಸಲ. ಅದೇ ಜಾಗ ಹತ್ತಿರವಾದಾಗ ಅವನು ತಲೆ ತಗ್ಗಿಸಿದ.

ಅವಳು ಮೇಲೆ ಹೋಗಲಿಲ್ಲ. ಏರುತ್ತಿದ್ದ ಸಾಲನ್ನು ಅಲ್ಲೇ ತಿರುಗಿಸಿ ಕೆಳಗೆ ತಂದಳು, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಮಂದ್ರದಲ್ಲಿ, ಕೋವಿಡ್ ಆದ ಮೇಲೆ ಬಂದ ಆ ಒರಟು ದನಿಯಲ್ಲಿ ಒಂದು ಸ್ವರದ ಮೇಲೆ ನಿಂತಳು. ಹಾರ್ಪ್ಸಿಕಾರ್ಡ್ ಏನು ನುಡಿಸಬೇಕೆಂದು ತಿಳಿಯದೆ ಸುಮ್ಮನಾಯಿತು. ಅವಳು ಮುಗಿಸಿದಾಗ ಜನ ಎದ್ದು ನಿಂತರು.

ತೆರೆ ಬಿದ್ದ ಮೇಲೆ ಸಿದ್ಧಲಿಂಗೇಶ ಈಟಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಓಡಿ ಬಂದ. ಸುತ್ತ ಜನ ಇದ್ದರು.

‘ಅಕ್ಕಾರ, ಅದು ನಾ ಕಟ್ಟಿದ್ದಲ್ರಿ. ಶ್ರುತಿ ಏರಿಸಿ, ಜನ ಮ್ಯಾಲೆ ನೋಡೂವಾಗ ಕೆಳಗ ಇಳದು ಬರೂದು... ಎಂಥಾ ವಿಚಾರ. ಯಾರ ತಲಿಯೊಳಗ ಬಂತ್ರಿ ಇದು?’

ರಾಜಲಕ್ಷ್ಮಿ ಬಳೆ ಸರಿಮಾಡಿಕೊಂಡಳು. ‘ಇವರದೇ’ ಎಂದಳು.

ಸಿದ್ಧಲಿಂಗೇಶ ಉದಯಶಂಕರನ ಎರಡೂ ಕೈ ಹಿಡಿದುಕೊಂಡ. ‘ಸರ್, ನಿಮ್ಮಿಂದ ಕಲಿಯೂದು ಭಾಳ ಅದ’ ಎಂದ. ಅವನ ಕಣ್ಣಲ್ಲಿ ಕಪಟದ ಸುಳಿವಿರಲಿಲ್ಲ. ಚೂರು ಇದ್ದಿದ್ದರೂ ಉದಯಶಂಕರ ಬದುಕಿಕೊಳ್ಳುತ್ತಿದ್ದ.

ವಾಪಸು ಬರುವಾಗ ಐದನೆಯ ಹೆದ್ದಾರಿಯಲ್ಲಿ ಟ್ರಾಫಿಕ್ ಇತ್ತು. ಬಲಗಡೆ ಸಮುದ್ರದ ಮೇಲೆ ಇನ್ನೂ ಸಂಜೆಯ ಬೆಳಕು. ಓಶನ್‌ಸೈಡ್ ಊರು ದಾಟಿದ ಮೇಲೆ ಅವನು ಮಾತು ತೆಗೆದ.

‘ರಾಜಿ, ಆ ಶ್ರುತಿ...’

‘ಮೊದಲನೇ ಸ್ವರಕ್ಕೇ ಗೊತ್ತಾಯ್ತು.’

‘ಮತ್ತೆ ನನ್ನ ಹೆಸರು ಯಾಕೆ ಹೇಳ್ದೆ?’

‘ಇನ್ನೇನು ಹೇಳ್ಲಿ? ನನ್ನ ಗಂಡ ನನ್ನ ದನಿ ಒಡೀಲಿ ಅಂತ ಹೀಗ್ಮಾಡಿದ್ರು ಅಂತ ಹೇಳ್ಲಾ? ಅಷ್ಟು ಜನರ ಮುಂದೆ?’

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು.

‘ಮುಂದಿನ ವಾರ ಅರುಂಧತಿ ನುಡಿಸ್ತಾರೆ. ಮಾತಾಡಿದೀನಿ. ನೀವು ಕೆಳಗೆ ಕೂತ್ಕೊಳ್ಳಿ.’

‘ಅದು ನನ್ನ ಒಪೆರಾ ರಾಜಿ.’

‘ಹೌದು. ಒಂದ್ಸಲನಾದ್ರೂ ಕೂತು ಕೇಳಿ.’

ಡೆಲ್ ಮಾರ್‌ನಲ್ಲಿ ಅವನು ಮುಂದಿನ ಸಾಲಿನಲ್ಲಿ ಕೂತ. ಬೆನ್ನುನೋವು ಎಂದು ಎಲ್ಲರಿಗೂ ಹೇಳಿದ್ದಾಗಿತ್ತು. ಕೈಗೆ ಕೆಲಸವಿಲ್ಲದೆ ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದ. ಮೂರನೆಯ ಅಂಕದಲ್ಲಿ ಅರುಂಧತಿ ಸರಿಯಾದ ಶ್ರುತಿಯಲ್ಲೇ ಶುರುಮಾಡಿದರು. ಮೊದಲ ಸಲ ರಾಜಲಕ್ಷ್ಮಿ ಎತ್ತರದ ಸ್ವರವನ್ನು ಸಲೀಸಾಗಿ ಮುಟ್ಟಿದಳು. ಎರಡನೆಯ ಸಲವೂ ಮುಟ್ಟಬಹುದಿತ್ತು. ಮುಟ್ಟಲಿಲ್ಲ. ಕೆಳಗೇ ಇಳಿದಳು, ಹೋದ ವಾರಕ್ಕಿಂತ ನಿಧಾನವಾಗಿ, ಯಾರೂ ತಳ್ಳದೆ.

ಉದಯಶಂಕರನ ಬೆರಳುಗಳು ನಿಂತವು. ಈ ದನಿ ಅವನ ಮನೆಯಲ್ಲೇ ಇತ್ತು. ಅಡುಗೆಮನೆಯಲ್ಲಿ, ಫೋನಿನಲ್ಲಿ, ‘ಊಟಕ್ಕೆ ಬನ್ನಿ’ ಎಂದು ಗರಾಜಿನ ಬಾಗಿಲಲ್ಲಿ ಎರಡು ವರ್ಷದಿಂದ ಇದೇ ದನಿ ಕರೆಯುತ್ತಿತ್ತು. ಅವನು ಮಾತ್ರ ಆರತಕ್ಷತೆಯ ಹುಡುಗಿಗೆ ಹಾಡು ಬರೆಯುತ್ತ ಕೂತಿದ್ದ. ವೇದಿಕೆಯ ಮೇಲೆ ಸಿದ್ಧಲಿಂಗೇಶ ಕಾವಲು ಮರೆತು ಕಣ್ಣು ಮುಚ್ಚಿಕೊಂಡಿದ್ದ. ಅವನ ಹಾಡಿಗಾಗಿ ಉದಯಶಂಕರನಿಗೆ ಈಗ ಹೊಟ್ಟೆಕಿಚ್ಚಾಗಲಿಲ್ಲ. ಹಾಡನ್ನು ಯಾರು ಬೇಕಾದರೂ ಕಟ್ಟಬಹುದು. ತನ್ನ ಹೆಂಡತಿಯ ಈ ದನಿಯನ್ನು ತನಗಿಂತ ಮೊದಲು ಅವನು ಕೇಳಿಬಿಟ್ಟನಲ್ಲ ಎಂಬುದು ಸುಟ್ಟಿತು. ಈ ಉರಿಗೆ ಒತ್ತಲು ಗುಂಡಿ ಇರಲಿಲ್ಲ.

ಪಕ್ಕದ ಕುರ್ಚಿಯಲ್ಲಿದ್ದ ಕನ್ನಡ ಸಂಘದ ಇಂದಿರಾ ಆಂಟಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವನ ಕಡೆ ಬಾಗಿದರು. ‘ಏನು ದನಿ ಕಣಪ್ಪ. ಪುಣ್ಯವಂತ ನೀನು, ದಿನಾ ಮನೇಲಿ ಕೇಳ್ತೀಯ.’

‘ಇಲ್ಲ ಆಂಟಿ’ ಎಂದ ಉದಯಶಂಕರ. ‘ನಾನೂ ಇವತ್ತೇ ಕೇಳ್ತಿರೋದು.’

ತಮಾಷೆ ಮಾಡುತ್ತಿದ್ದಾನೆಂದು ತಿಳಿದು ಇಂದಿರಾ ಆಂಟಿ ಅವನ ತೋಳಿಗೆ ಮೆಲ್ಲಗೆ ಹೊಡೆದು ನಕ್ಕರು.